ಮೂರ್ಛೆ, ಮೂರ್ಛನೆ

ಸಂಸ್ಕೃತದಲ್ಲಿ 'ಮೂರ್ಛ್' ಅಂತ ಒಂದು ಧಾತು ಇದೆ. ಮೂರ್ಛೆ ಹುಟ್ಟಿದ್ದು ಅದರಿಂದ, ಮೂರ್ಛನೆ ಹುಟ್ಟಿದ್ದೂ ಅದರಿಂದಲೇ. ಏಳು ಸ್ವರಗಳನ್ನು ಕ್ರಮವಾಗಿ ಏರಿಸಿ ಇಳಿಸುವುದಕ್ಕೆ ಮೂರ್ಛನೆ ಎಂದು ಹೆಸರು. ಭರತಮುನಿ ನಾಟ್ಯಶಾಸ್ತ್ರದಲ್ಲಿ ಇಂಥ 14 ಹೇಳಿದ್ದಾನೆ. ಒಂದೇ ಬಳ್ಳಿಯ ಎರಡು ಕಾಯಿ. ಒಂದನ್ನು ವೇದಿಕೆಗೆ ಹತ್ತಿಸಿ ಶಾಲು ಹೊದಿಸಿದೆವು, ಇನ್ನೊಂದನ್ನು ಒಳಕೋಣೆಯಲ್ಲಿ ಬಚ್ಚಿಟ್ಟೆವು.

ನಮ್ಮೂರ ರಾಮೋತ್ಸವದಲ್ಲಿ ಎರಡೂ ಒಂದೇ ಚಪ್ಪರದಡಿ ಸೇರಿದವು. ಆಹ್ವಾನಪತ್ರಿಕೆಯ ಕರಡಿನಲ್ಲಿ ಮೇಷ್ಟ್ರು 'ಮೂರ್ಛೆರೋಗಿಗಳ ಸಹಾಯಾರ್ಥ ಸಂಗೀತ ಕಚೇರಿ' ಎಂದು ಬರೆದಿದ್ದರು. ಸಮಿತಿಯ ರಾಯರಿಗೆ ಅದು ಹಿಡಿಸಲಿಲ್ಲ. "ದೇವರ ಕಾರ್ಯದ ಪತ್ರಿಕೆಯಲ್ಲಿ ಆ ಹೆಸರು ಯಾಕೆ ಮೇಷ್ಟ್ರೇ? 'ಬಡರೋಗಿಗಳ ಸಹಾಯಾರ್ಥ' ಅಂತ ಹಾಕಿ. ದುಡ್ಡು ಅಷ್ಟೇ ಬರುತ್ತೆ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದರು: "ದುಡ್ಡು ಬರುತ್ತೆ ರಾಯರೇ. ಆ ಹೆಸರು ಹೊರಗೆ ಬರೋದಿಲ್ಲ." ಹೆಸರು ಉಳಿಯಿತು.

ಸಹಾಯಾರ್ಥ ಕಚೇರಿ ನಮಗೇನು ಹೊಸದಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿ ಗಳಿಸಿದ್ದನ್ನು ಎಷ್ಟೋ ಸತ್ಕಾರ್ಯಗಳಿಗೆ ಧಾರೆಯೆರೆದವರು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದದ್ದು ಸಾರ್ವಜನಿಕ ಸೇವೆಗಾಗಿ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶಕ್ಕಾಗಿ ನಡೆಸಿದ ಕಚೇರಿಯಿಂದ ಹಣವೂ ಕೂಡಿತು, ಆ ದೇಶದ ಹೆಸರನ್ನೇ ಕೇಳದವರ ಕಿವಿಗೂ ಹೆಸರು ಬಿತ್ತು. ಮೇಷ್ಟ್ರ ಹಟವೂ ಇದೇ.

ಏಕೆಂದರೆ ಈ ಕಾಯಿಲೆಯಲ್ಲಿ ಅರ್ಧ ನೋವು ಮುಚ್ಚಿಡುವುದರಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು. ಫಿನೋಬಾರ್ಬಿಟೋನ್ ಎಂಬ ಅಗ್ಗದ ಮಾತ್ರೆ 1912ರಿಂದ ಬಳಕೆಯಲ್ಲಿದೆ. ಆದರೂ ಹೆಣ್ಣು ನೋಡಲು ಬಂದಾಗ ಮಾತ್ರೆಯ ಡಬ್ಬಿ ಅಟ್ಟ ಸೇರುತ್ತದೆ. ಹಿಂದೂ ವಿವಾಹ ಕಾಯಿದೆಯ ಅನರ್ಹತೆಗಳ ಸಾಲಿನಿಂದ ಈ ರೋಗವನ್ನು ಕೈಬಿಟ್ಟದ್ದೇ 1999ರಲ್ಲಿ.

ದುಡ್ಡು ಸಂಶೋಧನೆಗೂ ಬೇಕು. ಸಂಶೋಧನೆ ಎಂದರೆ ಎಲ್ಲೋ ದೂರದ ಪ್ರಯೋಗಾಲಯದ ಮಾತಲ್ಲ, ನಮ್ಮ ಬಚ್ಚಲುಮನೆಯದು. ಹಂಡೆಯ ಸುಡುನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಈ ಬಿಸಿನೀರಿನ ಅಪಸ್ಮಾರ ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು; ನಿಮ್ಹಾನ್ಸ್‌ನ ವೈದ್ಯರು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಡಾ. ಕೆ.ಎಸ್. ಮಣಿಯವರ ತಂಡ ಯಳಂದೂರಿನ ಹಳ್ಳಿಗಳಲ್ಲಿ ಅಗ್ಗದ ಮಾತ್ರೆಗಳಿಂದಲೇ ಅರ್ಧಕ್ಕಿಂತ ಹೆಚ್ಚು ರೋಗಿಗಳ ಫಿಟ್ಸ್ ನಿಲ್ಲುವುದನ್ನು ತೋರಿಸಿಕೊಟ್ಟಿತು. ನಮ್ಮ ಬಚ್ಚಲಿನ ಕಾಯಿಲೆಗೆ ಬೇರೆ ಯಾವ ದೇಶದವರು ದುಡ್ಡು ಹಾಕಿಯಾರು? ನಾವೇ ಹಾಕಬೇಕು.

ಕಚೇರಿಯ ಸಂಜೆ, ತನಿ ಆವರ್ತನ ಮುಗಿದ ಮೇಲೆ, ನರರೋಗ ವೈದ್ಯೆಯೊಬ್ಬರು ಹತ್ತು ನಿಮಿಷ ಮಾತಾಡಿದರು. ಫಿಟ್ಸ್ ಬಂದಾಗ ಏನು ಮಾಡಬೇಕೆಂದು ತೋರಿಸಲು ಸ್ವಯಂಸೇವಕ ಹುಡುಗನೊಬ್ಬ ಜಮಖಾನದ ಮೇಲೆ ಮಲಗಿದ. ಅವನ ತಲೆಗೆ ಒತ್ತು ಬೇಕೆಂದಾಗ ಗಾಯಕಿ ತಮಗೆ ಹೊದಿಸಿದ್ದ ಸನ್ಮಾನದ ಶಾಲನ್ನೇ ಮಡಿಸಿ ಕೊಟ್ಟರು. ವೈದ್ಯೆ ಹುಡುಗನನ್ನು ಪಕ್ಕಕ್ಕೆ ಹೊರಳಿಸಿದರು. "ಕೈಗೆ ಬೀಗದ ಕೈ ಬೇಡ, ಮೂಗಿಗೆ ಈರುಳ್ಳಿ ಬೇಡ, ಬಾಯಿಗೆ ಏನೂ ತುರುಕಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಕರಕೊಂಡು ಹೋಗಿ." ಮೃದಂಗದವರು ವಾದ್ಯವನ್ನು ತೊಡೆಯಿಂದ ಕೆಳಗಿಟ್ಟು ಮುಂದೆ ಬಾಗಿ ನೋಡುತ್ತಿದ್ದರು.

ಮಂಗಳವಾದ ಮೇಲೆ ನಾನು ಹುಂಡಿಯ ಪಕ್ಕ ನಿಂತಿದ್ದೆ. ಮಗಳ ಕೈ ಹಿಡಿದು ಬಂದ ತಾಯಿಯೊಬ್ಬರು ನೋಟು ಹಾಕಿ, ಅಲ್ಲೇ ಇದ್ದ ವೈದ್ಯೆಯನ್ನು ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಕೇಳಿದರು: "ಡಾಕ್ಟ್ರಮ್ಮಾ, ಇವಳಿಗೂ ಫಿಟ್ಸ್ ಇದೆ. ದೀಪಾವಳಿಗೆ ಎಣ್ಣೆನೀರು ಹಾಕಬಹುದಾ?"

"ಹಾಕಿ ಅಮ್ಮಾ. ನೀರು ಉಗುರುಬೆಚ್ಚಗಿರಲಿ, ಮಾತ್ರೆ ತಪ್ಪಿಸಬೇಡಿ."

ಅಲ್ಲೇ ಪಾನಕ ಹಂಚುತ್ತಿದ್ದ ರಾಯರು ಕೇಳಿಸಿಕೊಂಡರು. ತಾಯಿಗೊಂದು ಲೋಟ ಕೊಟ್ಟು, ಮಗಳಿಗೊಂದು ಕೊಟ್ಟು, "ಕುಡಿಯಮ್ಮಾ" ಅಂದರು.