ಎಡಗೈಯ ಗಿಟಾರು

ನಿವೃತ್ತಿಯ ಬಳಿಕ ನಾವು ಕೊಂಡ ವಸ್ತುಗಳಲ್ಲಿ ಅತ್ಯಂತ ಬೆಲೆಬಾಳುವುದು ಒಂದು ಎಲೆಕ್ಟ್ರಿಕ್ ಗಿಟಾರು. ಚೆಂಡೆ ಮದ್ದಳೆಗಳ ನಾದದಲ್ಲಿ ಬೆಳೆದ ಕಾಸರಗೋಡಿನ ಕನ್ನಡ ಅಧ್ಯಾಪಕರಿಗೆ ಇಳಿವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಮಿತ್ರರು ನಕ್ಕರು. ಅವರಿಗೆ ಆಗ ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಮೊಮ್ಮಗಳಿಗೆ ಹದಿನಾಲ್ಕು ವರ್ಷ. ಉಣ್ಣುವುದೊಂದನ್ನುಳಿದು ಮಿಕ್ಕೆಲ್ಲ ಕೆಲಸಕ್ಕೂ ಅವಳಿಗೆ ಎಡಗೈಯೇ ಮುಂದು. ಗಿಟಾರು ಕಲಿಯಬೇಕೆಂದು ಅವಳು ಹಟ ಹಿಡಿದಾಗ, ಕೊಡಿಸುವುದಾಗಿ ಮಾತು ಕೊಟ್ಟೆವು. ಮಾತು ಕೊಟ್ಟಷ್ಟು ಸುಲಭವಾಗಿ ವಾದ್ಯ ದೊರೆಯಲಿಲ್ಲ. ಮಂಗಳೂರಿನಲ್ಲಿ ವಿಚಾರಿಸಿದೆವು, ಕೋಝಿಕ್ಕೋಡಿಗೂ ಹೋಗಿ ಬಂದೆವು. ಗೋಡೆಗಳ ತುಂಬ ಗಿಟಾರುಗಳು ತೂಗುತ್ತಿದ್ದವು. ಎಲ್ಲವೂ ಬಲಗೈಯವರಿಗಾಗಿ ಮಾಡಿದವು.

ತಿರುಗಿಸಿ ಹಿಡಿದರೆ ಸಾಲದೆ ಎಂದು ನಾವೂ ಕೇಳಿದೆವು. ಹಾಗೆ ಹಿಡಿದರೆ ಮೇಲಿರಬೇಕಾದ ದಪ್ಪ ತಂತಿ ಕೆಳಗೆ ಬರುತ್ತದೆ. ತಂತಿಗಳನ್ನು ಬಿಚ್ಚಿ ಮರಳಿ ಕಟ್ಟಿದರೆ, ಸಣ್ಣ ತಂತಿಗೆಂದು ಕೊರೆದ ಗೀರಿನಲ್ಲಿ ದಪ್ಪ ತಂತಿ ಕೂರುವುದಿಲ್ಲ. ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಗಳು ಮೊಳಕೈಗೆ ತಗಲುತ್ತವೆ. ಅಮೆರಿಕದ ಜಿಮಿ ಹೆಂಡ್ರಿಕ್ಸ್ (1942–1970) ಬಲಗೈಯವರ ಗಿಟಾರನ್ನೇ ತಿರುಗಿಸಿ, ತಂತಿಗಳನ್ನು ಮರಳಿ ಕಟ್ಟಿಕೊಂಡು ಜಗತ್ಪ್ರಸಿದ್ಧರಾದರೆಂದು ಒಬ್ಬ ಅಂಗಡಿಯವರು ಹೇಳಿದರು. ಇನ್ನೊಬ್ಬರು, "ಬಲಗೈಯದನ್ನೇ ಕೊಂಡುಹೋಗಿ ಸಾರ್, ನಾಲ್ಕು ದಿನದಲ್ಲಿ ಮಗುವಿಗೆ ಅಭ್ಯಾಸವಾಗುತ್ತದೆ" ಎಂದರು. ನಾವು ಒಪ್ಪಿ ಕಿಸೆಗೆ ಕೈ ಹಾಕಿದೆವು.

ಪಕ್ಕದಲ್ಲಿದ್ದ ಮಗ ಮೆಲ್ಲನೆ, "ಹೌದಪ್ಪಾ, ನನಗೂ ಅಭ್ಯಾಸವಾಗಿತ್ತಲ್ಲ" ಎಂದ.

ಕಿಸೆಯೊಳಗಿನ ಕೈ ಅಲ್ಲೇ ನಿಂತಿತು. ಅವನು ನಮ್ಮ ಮಗ ಮಾತ್ರವಲ್ಲ, ನಮ್ಮ ಶಾಲೆಯ ವಿದ್ಯಾರ್ಥಿಯೂ ಆಗಿದ್ದ. ಎಡಗೈಯಲ್ಲಿ ಬಳಪ ಹಿಡಿದು ಸ್ಲೇಟಿನ ತುಂಬ ಯಕ್ಷಗಾನದ ವೇಷಗಳನ್ನು ಬರೆಯುತ್ತಿದ್ದ. ಅಧ್ಯಾಪಕರ ಮಗನೇ ಹೀಗಾದರೆ ಉಳಿದವರ ಗತಿಯೇನೆಂದು ನಾವು ಬೆತ್ತ ಹಿಡಿದೆವು. ಒಂದೇ ವರ್ಷದಲ್ಲಿ ಬಳಪ ಬಲಗೈಗೆ ಬಂತು. ಅಕ್ಷರ ಮುತ್ತಿನಂತಾಯಿತು, ಬಹುಮಾನವೂ ಬಂತು. ಚಿತ್ರ ಬರೆಯುವುದನ್ನು ಮಾತ್ರ ಅವನು ಬಿಟ್ಟುಬಿಟ್ಟ. ಅದನ್ನು ನಾವು ಗಮನಿಸಿದ್ದೆವು. ಓದಿನ ಕಡೆಗೆ ಮನಸ್ಸು ಬಂತೆಂದು ಸಂತೋಷಪಟ್ಟಿದ್ದೆವು.

ಗಡಿನಾಡಿನ ಮಕ್ಕಳು ತಾಯ್ನುಡಿಯಲ್ಲಿಯೇ ಕಲಿಯಬೇಕೆಂದು ಎಷ್ಟೋ ವೇದಿಕೆಗಳಲ್ಲಿ ಗಟ್ಟಿಯಾಗಿ ಮಾತನಾಡಿದವರು ನಾವು. ಹುಟ್ಟಿನಿಂದ ಬಂದ ನುಡಿಗೆ ಬೇಡಿದ ನ್ಯಾಯವನ್ನು ಹುಟ್ಟಿನಿಂದ ಬಂದ ಕೈಗೆ ಕೊಡಲಿಲ್ಲ.

ಅಂದು ಬರಿಗೈಯಲ್ಲಿ ಮರಳಿದೆವು. ಮತ್ತೆ ಆರು ತಿಂಗಳು ಹುಡುಕಿದ ಮೇಲೆ, ಬೆಂಗಳೂರಿನಲ್ಲಿ ಗಿಟಾರನ್ನು ಕೈಯಿಂದಲೇ ತಯಾರಿಸುವ ಒಬ್ಬ ತರುಣರ ಪರಿಚಯವಾಯಿತು. ಅವರು ಮೊಮ್ಮಗಳ ಬಲಗೈಯ ಬೆರಳುಗಳನ್ನು ಅಳೆದರು. ಎಡಗೈಯವರು ತಂತಿಯನ್ನು ಒತ್ತುವುದು ಬಲಗೈಯಿಂದಲಷ್ಟೆ. ಸಣ್ಣ ಕೈಗೆ ಅನುಕೂಲವಾಗಲೆಂದು ತಂತಿಯ ಅಳತೆಯನ್ನು 25.5 ಅಂಗುಲದ ಬದಲು 24.75 ಅಂಗುಲಕ್ಕೆ ಇಳಿಸಿದರು. ಬೆರಳೊತ್ತುವ ಪಟ್ಟಿಗೆ ಬೀಟೆಯ ಮರವೆಂದಾಗ ನಮಗೆ ಹಿಗ್ಗಾಯಿತು. ನಮ್ಮ ಸಹ್ಯಾದ್ರಿಯಲ್ಲಿ ಬೆಳೆಯುವ ಬೀಟೆಯನ್ನು ಪರದೇಶದ ಗಿಟಾರು ತಯಾರಕರೂ ಬಯಸಿ ಬಳಸುತ್ತಾರಂತೆ. ತಂತಿಯ ಕೆಳಗೆ ಅಯಸ್ಕಾಂತವಿಟ್ಟು, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಅದರಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ತೇ ಧ್ವನಿವರ್ಧಕದಲ್ಲಿ ನಾದವಾಗುತ್ತದೆ. ವಿಜ್ಞಾನದ ಪಾಠದಲ್ಲಿ ಎಷ್ಟೋ ವರ್ಷ ಬೋಧಿಸಿದ ತತ್ತ್ವವನ್ನು ಅಂದು ಕಿವಿಯಾರೆ ಕೇಳಿದೆವು.

ಐದು ತಿಂಗಳ ಬಳಿಕ ಗಿಟಾರು ಮನೆಗೆ ಬಂತು. ಪಿಂಚಣಿಯ ಉಳಿತಾಯದಿಂದ 62,000 ರೂಪಾಯಿ ತೆತ್ತೆವು. ಮೊಮ್ಮಗಳು ಚಾವಡಿಯಲ್ಲಿ ಕುಳಿತು ಎಡಗೈಯಿಂದ ಮೊದಲ ಸಲ ಮೀಟಿದಾಗ, ಬಾಗಿಲ ಬಳಿ ನಿಂತಿದ್ದ ಮಗನ ಕಡೆಗೆ ನೋಡುವ ಧೈರ್ಯ ನಮಗಾಗಲಿಲ್ಲ.

ಆ ಬೆತ್ತ ತಪ್ಪಾಗಿತ್ತೆಂದು ಅವನಿಗೆ ಮುಖತಃ ಹೇಳಲು ಇಂದಿಗೂ ನಾಲಗೆ ಏಳುತ್ತಿಲ್ಲ. ಸಂಘದ ಈ ಸ್ಮರಣ ಸಂಚಿಕೆ ಅವನ ಕೈಗೂ ಸೇರಲಿದೆ. ಅದನ್ನು ಅವನು ಯಾವ ಕೈಯಿಂದ ತೆಗೆದುಕೊಂಡರೂ ನಮಗೆ ಸಂತೋಷವೇ.