ಸದ್ದಿಲ್ಲ ಅಂದ್ರೆ ಸರಿ ಇದೆ ಅಂತಲ್ಲ

1/5

ಫೋಟೋದಲ್ಲಿ ಕಾಣ್ತಿರೋದು ನಮ್ಮ ಬ್ಯಾರನ್. ಪಿರಿಯಾಪಟ್ಟಣ, ಹುಣಸೂರು ಕಡೆಯವರಿಗೆ ಇದೇನು ಅಂತ ಹೇಳೋದೇ ಬೇಡ. ಕೆ.ಆರ್. ನಗರದ ಗದ್ದೆ ಸೀಮೆಯವರಿಗೆ, ಬೆಂಗಳೂರಿಂದ ಫಾಲೋ ಮಾಡೋರಿಗೆ ಹೇಳ್ತೀನಿ: ಇದು ಹೊಗೆಸೊಪ್ಪು ಬೇಯಿಸೋ ಮನೆ. ಸೊಪ್ಪು ಕಟ್ಟಿದ ಕಡ್ಡಿಗಳನ್ನ ಒಳಗೆ ಸಾಲುಸಾಲಾಗಿ ತೂಗುಹಾಕ್ತಾರೆ. ಹೊರಗಿನ ಒಲೆಗೆ ಸೌದೆ ಹಾಕಿದ್ರೆ ತಗಡಿನ ಕೊಳವೆಯಲ್ಲಿ ಬಿಸಿ ಒಳಗೆಲ್ಲಾ ಸುತ್ತುತ್ತೆ. ಹೊಗೆ ಸೊಪ್ಪಿಗೆ ತಾಗಲ್ಲ, ಬಿಸಿ ಮಾತ್ರ ತಾಗುತ್ತೆ. (ಹೊಗೆಸೊಪ್ಪು ಬೆಳೀಬೇಕಾ ಅಂತ ಕೇಳೋರಿಗೆ ಇನ್ನೊಂದು ಪೋಸ್ಟ್ ಬರೀತೀನಿ. ನನಗೂ ಆ ಪ್ರಶ್ನೆ ಇದೆ.)

ಒಂದು ಸಲ ತುಂಬಿಸಿದ್ರೆ ಐದಾರು ದಿನ, ಹಗಲೂ ರಾತ್ರಿ ಕೆಲಸ. ಮೊದಲು 95–100 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹಳದಿ ಬರಿಸಬೇಕು. ಆಮೇಲೆ ನಿಧಾನಕ್ಕೆ ಏರಿಸಿ ಎಲೆ ಒಣಗಿಸಬೇಕು. ಕೊನೆಗೆ 160ರ ಹತ್ತಿರ ಇಟ್ಟು ನಡುನರ ಒಣಗಿಸಬೇಕು. ಈ ಕೊನೇ ಹಂತದಲ್ಲಿ ಬೆಂಕಿ ಕಮ್ಮಿ ಆಯ್ತೋ, ನರದಲ್ಲಿ ಉಳಿದ ನೀರು ವಾಪಸ್ ಎಲೆಗೆ ಇಳಿದು ನರದ ಅಕ್ಕಪಕ್ಕ ಕಪ್ಪಾಗುತ್ತೆ. ಹರಾಜಿನಲ್ಲಿ ಬ್ರೈಟ್ ಗ್ರೇಡ್ ಆಗಬೇಕಿದ್ದ ಬೇಲು ಕೆಳಗಿನ ಗ್ರೇಡಿಗೆ ಹೋಗುತ್ತೆ.

ಅದಕ್ಕೇ ಬೇಯಿಸೋ ತಿಂಗಳುಗಳಲ್ಲಿ ಅಪ್ಪ ಒಂದು ರಾತ್ರಿ ನೆಟ್ಟಗೆ ಮಲಗಿದ್ದು ನಾನು ನೋಡೇ ಇಲ್ಲ.

ಕಳೆದ ವರ್ಷ ನಾನು ಹೇಳಿದೆ, "ನೀನು ಮಲಗಪ್ಪ. ನನ್ನ ಪ್ರೋಗ್ರಾಂ ಎದ್ದಿರುತ್ತೆ."

ಅದು ಎದ್ದಿರಲಿಲ್ಲ.

2/5

ಮೊದಲು ಏನು ಕಟ್ಟಿದ್ದೆ ಅಂತ ಹೇಳ್ತೀನಿ, ಬೇಕಾದೋರು ಸೇವ್ ಮಾಡ್ಕೊಳ್ಳಿ.

ಬ್ಯಾರನ್ ಒಳಗೆ ಒಂದು ಡಿಎಸ್18ಬಿ20 ಸೆನ್ಸರ್, ಹೊರಗೆ ಇಎಸ್‌ಪಿ8266 ಬೋರ್ಡ್. ಅದಕ್ಕೆ ನೆಟ್ ಕೊಡೋದು ಅಮ್ಮನ ಹಳೇ ಫೋನಿನ ಹಾಟ್‌ಸ್ಪಾಟ್. ಕರೆಂಟ್ ಹೋದ್ರೂ ನಡೀಲಿ ಅಂತ ಒಂದು ಪವರ್ ಬ್ಯಾಂಕ್. ಬೋರ್ಡು ನಿಮಿಷಕ್ಕೊಂದು ಸಲ ಬಿಸಿ ಎಷ್ಟಿದೆ ಅಂತ ನನ್ನ ಬಾಡಿಗೆ ಸರ್ವರ್‌ನ ಒಂದು ಪಿಎಚ್‌ಪಿ ಪುಟಕ್ಕೆ ಕಳಿಸುತ್ತೆ, ಅದು ಡೇಟಾಬೇಸ್‌ನಲ್ಲಿ ಬರ್ಕೊಳ್ಳುತ್ತೆ.

ಇಲ್ಲೀವರೆಗೆ ಎಲ್ಲಾ ನಾವು ಲ್ಯಾಬ್‌ನಲ್ಲಿ ಕಲಿತದ್ದೇ. ಪಿಎಚ್‌ಪಿ ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ವೆಬ್ ಪುಟಕ್ಕೋಸ್ಕರ ಮಾಡಿ, 1995ರಲ್ಲಿ ಹಂಚಿದ ಸಾಮಾನು. ಯಾರಾದ್ರೂ ಪುಟ ತೆರೆದ್ರೆ ಓಡುತ್ತೆ, ಉತ್ತರ ಕೊಡುತ್ತೆ, ಮಲಗುತ್ತೆ. ರಾತ್ರಿ ಎರಡು ಗಂಟೆಗೆ ಪುಟ ತೆರೆಯೋರು ಯಾರು? ಬಿಸಿ ಇಳೀತಾ ಇದೆಯಾ ಅಂತ ನೋಡಿ ಅಪ್ಪನ ಟೆಲಿಗ್ರಾಂಗೆ ಮೆಸೇಜ್ ಹಾಕೋಕೆ ಯಾರಾದ್ರೂ ಅದನ್ನ ಎಬ್ಬಿಸಬೇಕಲ್ಲ.

ಎಬ್ಬಿಸೋನೇ ಕ್ರಾನ್. ಯುನಿಕ್ಸ್ ಕಾಲದಿಂದ ಇರೋ ಮುದುಕ. ಇವತ್ತು ಲಿನಕ್ಸ್ ಸರ್ವರ್‌ಗಳಲ್ಲಿ ಓಡೋದು ಬಹುಪಾಲು 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನಿನ ವಂಶದ್ದು. ಒಂದು ಸಾಲಿನಲ್ಲಿ ಐದು ಕಾಲಂ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಆಮೇಲೆ ಏನು ಓಡಿಸಬೇಕು ಅಂತ.

*/5 * * * *

ಅಂದ್ರೆ ಐದೈದು ನಿಮಿಷಕ್ಕೆ. ದಿನಕ್ಕೆ 288 ಸಲ. ಬೇಜಾರಿಲ್ಲ, ಬೀಡಿ ಸೇದೋಕೆ ಆಚೆ ಹೋಗಲ್ಲ.

ಪರೀಕ್ಷೆನೂ ಮಾಡಿದ್ದೆ ಕಣ್ರೀ. ಸೆನ್ಸರ್‌ನ ಚೊಂಬಿನ ನೀರಿಗೆ ಅದ್ದಿ, ಬ್ರೌಸರ್‌ನಲ್ಲಿ ಪುಟ ತೆರೆದೆ. ಅಪ್ಪನ ಫೋನು ಕೂಗಿತು. ಸರ್ವರ್‌ಗೆ ಲಾಗಿನ್ ಆಗಿ, ಫೋಲ್ಡರ್ ಒಳಗೆ ಹೋಗಿ ಕೈಯಾರೆ ಓಡಿಸಿದೆ. ಮತ್ತೆ ಕೂಗಿತು. ಅಮ್ಮ ಚಪ್ಪಾಳೆ ತಟ್ಟಿದಳು.

ಆ ಸಾಲನ್ನ ಕ್ರಾನ್‌ಟ್ಯಾಬ್‌ಗೆ ಹಾಕಿದೆ. ಕ್ರಾನ್ ಓಡಿಸಿದಾಗ ಏನಾಗುತ್ತೆ ಅಂತ ಮಾತ್ರ ನೋಡಲಿಲ್ಲ.

3/5

ಮೊದಲ ನಾಲ್ಕು ರಾತ್ರಿ ಒಂದೂ ಮೆಸೇಜ್ ಬರಲಿಲ್ಲ. ಅಪ್ಪ ಅಭ್ಯಾಸಬಲದಿಂದ ಎದ್ದು ಸೌದೆ ಹಾಕ್ತಾನೇ ಇದ್ರು, ಬಿಸಿ ಇಳೀಲೇ ಇಲ್ಲ. ಮೆಸೇಜ್ ಬರದೇ ಇರೋದು ಸರಿಯೇ ಅಲ್ವಾ? ನಾನೂ ಹಂಗೇ ಅಂದ್ಕೊಂಡೆ. ಅಪ್ಪನಿಗೂ ನಂಬಿಕೆ ಬಂತು.

ಐದನೇ ರಾತ್ರಿ ಅಪ್ಪ ಮಲಗಿದ್ರು. ನಿಜವಾಗ್ಲೂ ಮಲಗಿದ್ರು, ಗೊರಕೆ ಕೇಳಿಸ್ತಿತ್ತು.

ಬೆಳಗ್ಗೆ ಐದಕ್ಕೆ ಎದ್ದು ಹೋದಾಗ ಒಲೆಯಲ್ಲಿ ಬೂದಿ. ಆಮೇಲೆ ನಾನು ಡೇಟಾಬೇಸ್ ತೆಗೆದು ನೋಡಿದ್ರೆ ಎಲ್ಲಾ ಅಲ್ಲೇ ಇತ್ತು. 1:40ಕ್ಕೆ 157 ಡಿಗ್ರಿ. 2:30ಕ್ಕೆ 146. 4:50ಕ್ಕೆ 118. ಬೋರ್ಡು ನಿಯತ್ತಾಗಿ ನಿಮಿಷ ನಿಮಿಷಕ್ಕೂ ಹೇಳಿದೆ. ಕೇಳಿಸ್ಕೊಳ್ಳೋನು ಇರಲಿಲ್ಲ.

ಆ ಸಲದ ಸೊಪ್ಪಿನಲ್ಲಿ ಸುಮಾರು ಅರ್ಧ ಕಪ್ಪಾಯ್ತು. ನನ್ನ ಸೆಮಿಸ್ಟರ್ ಫೀಸು ಅದೇ ಬೇಲುಗಳಲ್ಲಿತ್ತು. ಅಪ್ಪ ಬೈಯಲಿಲ್ಲ. "ನಾನು ಮಲಗಬಾರದಿತ್ತು ಕಣವ್ವ" ಅಂದ್ರು. ಬೈದಿದ್ರೇ ವಾಸಿ ಇತ್ತು.

4/5

ಏನಾಗಿತ್ತು ಅಂದ್ರೆ, ಒಂದು ಚುಕ್ಕೆ, ಒಂದು ಗೀಟು.

ಪಾಸ್‌ವರ್ಡ್ ಎಲ್ಲಾ ಇರೋ ಫೈಲನ್ನ ನಾನು ./ ಅಂತ ಶುರು ಮಾಡಿ ಕರೆದಿದ್ದೆ. ಅದರರ್ಥ "ಈಗ ನಿಂತಿರೋ ಜಾಗದಲ್ಲಿ ಹುಡುಕು". ನಾನು ಫೋಲ್ಡರ್ ಒಳಗೆ ನಿಂತು ಓಡಿಸಿದಾಗ ಸಿಕ್ತು. ಬ್ರೌಸರ್‌ನಿಂದ ತೆರೆದಾಗಲೂ ಸಿಕ್ತು. ಕ್ರಾನ್ ಮಾತ್ರ ನಿಮ್ಮ ಫೋಲ್ಡರ್‌ಗೆ ಬರಲ್ಲ. ಅದು ಯೂಸರ್‌ನ ಹೋಮ್ ಡೈರೆಕ್ಟರಿಯಲ್ಲಿ ನಿಂತು ಓಡಿಸುತ್ತೆ. ಅಲ್ಲಿ ಆ ಫೈಲ್ ಇಲ್ಲ. ಪಿಎಚ್‌ಪಿ ಎರರ್ ಹೇಳಿ ಸತ್ತುಹೋಯ್ತು. ದಿನಕ್ಕೆ 288 ಸಲ ಸತ್ತಿದೆ.

ಎರರ್ ನಮಗೆ ಕಾಣಲಿಲ್ಲ ಯಾಕೆ? ಓಡಿಸಿದ ಪ್ರೋಗ್ರಾಂ ಏನಾದ್ರೂ ಹೇಳಿದ್ರೆ ಕ್ರಾನ್ ಅದನ್ನ ಸರ್ವರ್ ಒಳಗಿನ ಮೇಲ್‌ಗೆ ಹಾಕುತ್ತೆ. ನನ್ನ ಸರ್ವರ್‌ನಲ್ಲಿ ಮೇಲ್ ಸಾಫ್ಟ್‌ವೇರೇ ಇರಲಿಲ್ಲ. ಸಿಸ್ಟಂ ಲಾಗ್ ತೆಗೆದ್ರೆ ಮೇಲ್ ವ್ಯವಸ್ಥೆ ಇಲ್ಲ, ಹೇಳಿದ್ದನ್ನ ಬಿಸಾಕ್ತಿದ್ದೀನಿ ಅನ್ನೋ ಅರ್ಥದ ಸಾಲು, ಐದೈದು ನಿಮಿಷಕ್ಕೊಂದು, ಪುಟಗಟ್ಟಲೆ.

ನೀವು ಇದನ್ನ ಮಾಡೋ ಹಾಗಿದ್ರೆ ಇಷ್ಟು ನೆನಪಿಟ್ಕೊಳ್ಳಿ:

• ದಾರಿ ಪೂರ್ತಿ ಬರೀರಿ. ಸ್ಕ್ರಿಪ್ಟ್ ಇರೋ ಜಾಗವನ್ನ ಅದೇ ಹುಡುಕ್ಕೊಳ್ಳೋ ಹಾಗೆ ಡಿಐಆರ್ ಕಾನ್ಸ್ಟಂಟ್ ಬಳಸಿ (ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್ ಇರೋದು). ಪಿಎಚ್‌ಪಿ ಎಲ್ಲಿದೆ ಅನ್ನೋದನ್ನೂ ಪೂರ್ತಿ ದಾರಿಯಲ್ಲೇ ಹೇಳಿ. ನಿಮ್ಮ ಟರ್ಮಿನಲ್‌ಗೆ ಗೊತ್ತಿರೋ ಜಾಗಗಳೆಲ್ಲ ಕ್ರಾನ್‌ಗೆ ಗೊತ್ತಿರಲ್ಲ.

• ಸಾಲಿನ ಕೊನೆಯಲ್ಲಿ >> ಹಾಕಿ ಒಂದು ಲಾಗ್ ಫೈಲಿನ ಹೆಸರು, ಆಮೇಲೆ 2>&1. ಆಗ ಎರರ್ ಕೂಡ ಅದೇ ಫೈಲಿಗೆ ಬೀಳುತ್ತೆ. ಆ ಫೈಲನ್ನ ಆಗಾಗ ತೆಗೆದು ಓದಿ ಮತ್ತೆ!

• ಗಡಿಯಾರ ನೋಡಿ. ರಿಪೇರಿ ಆದ್ಮೇಲೆ ಬೆಳಗ್ಗೆ ಆರಕ್ಕೆ ಬರಬೇಕಿದ್ದ ವರದಿ 11:30ಕ್ಕೆ ಬಂತು. ಸರ್ವರ್ ಯುಟಿಸಿಯಲ್ಲಿತ್ತು, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ಆರು ಗಂಟೆಗೆ ಅಲ್ಲಿ 30 0 * * * ಅಂತ ಬರೀಬೇಕು.

• ಬ್ರೌಸರ್‌ನಿಂದ ಓಡೋ ಪಿಎಚ್‌ಪಿಗೆ ಸಾಮಾನ್ಯವಾಗಿ 30 ಸೆಕೆಂಡ್ ಗಡುವು ಇರುತ್ತೆ. ಕಮಾಂಡ್ ಲೈನ್‌ನಲ್ಲಿ ಗಡುವೇ ಇಲ್ಲ. ಒಂದು ಓಟ ಸಿಕ್ಕಿಹಾಕ್ಕೊಂಡ್ರೆ ಐದು ನಿಮಿಷಕ್ಕೆ ಇನ್ನೊಂದು ಶುರುವಾಗಿ ಎರಡೂ ಒಟ್ಟಿಗೆ ಓಡ್ತವೆ. ಎಫ್‌ಲಾಕ್ ಅನ್ನೋ ಕಮಾಂಡ್ ಮುಂದೆ ಹಾಕಿದ್ರೆ ಒಬ್ಬ ಹೊರಗೆ ಬರೋವರೆಗೂ ಇನ್ನೊಬ್ಬ ಒಳಗೆ ಹೋಗಲ್ಲ.

5/5

ಇದೆಲ್ಲಾ ಸರಿ ಮಾಡಿ ಅಪ್ಪನಿಗೆ ತೋರಿಸಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಇದು ಮತ್ತೆ ಸತ್ರೆ ನಂಗೆ ಹೆಂಗೆ ಗೊತ್ತಾಗುತ್ತೆ?"

ನನ್ನತ್ರ ಉತ್ತರ ಇರಲಿಲ್ಲ. ಅಪ್ಪನ ಹತ್ರ ಇತ್ತು.

ಪಕ್ಕದ ಹೊಲದಲ್ಲಿ ಚಿಕ್ಕಪ್ಪನ ಬ್ಯಾರನ್. ಫೋನು ಇಲ್ಲದ ಕಾಲದಲ್ಲಿ ಇವರಿಬ್ಬರೂ ರಾತ್ರಿಯೆಲ್ಲಾ ಗಂಟೆಗೊಂದು ಸಲ ಕೂಗಾಡ್ತಿದ್ರಂತೆ. "ಎದ್ದಿದ್ದೀಯೇನ್ಲಾ?" "ಎದ್ದಿದ್ದೀನಿ ಕಣಣ್ಣ." ಬೆಂಕಿ ಬಗ್ಗೆ ಒಂದು ಮಾತೂ ಇಲ್ಲ. ಆ ಕಡೆಯಿಂದ ಕೂಗು ಬರಲಿಲ್ಲ ಅಂದ್ರೆ ಈ ಕಡೆಯೋರು ಟಾರ್ಚ್ ಹಿಡ್ಕೊಂಡು ಎದ್ದು ಹೋಗೋದು. ಅಷ್ಟೇ ನಿಯಮ.

ನಾನು ಬರೆದಿದ್ದ ಪ್ರೋಗ್ರಾಂ ಕೆಟ್ಟದ್ದಾದಾಗ ಮಾತ್ರ ಬಾಯಿ ತೆರೀತಿತ್ತು. ಹಾಗಾಗಿ "ಎಲ್ಲಾ ಚೆನ್ನಾಗಿದೆ" ಅನ್ನೋದಕ್ಕೂ "ನಾನು ಸತ್ತಿದ್ದೀನಿ" ಅನ್ನೋದಕ್ಕೂ ನಮಗೆ ಕೇಳಿಸ್ತಿದ್ದ ಸದ್ದು ಒಂದೇ: ಏನೂ ಇಲ್ಲ. ನಾಲ್ಕು ರಾತ್ರಿ ನಾವು ಆ ಏನೂ ಇಲ್ಲದ್ದನ್ನ ಒಳ್ಳೇ ಸುದ್ದಿ ಅಂತ ಓದಿದ್ವಿ.

ಈ ವರ್ಷ ಕ್ರಾನ್‌ಟ್ಯಾಬ್‌ನಲ್ಲಿ ಇನ್ನೊಂದು ಸಾಲು ಇದೆ. ರಾತ್ರಿ 10, 12, 2, 4ಕ್ಕೆ ಅಪ್ಪನಿಗೂ ಚಿಕ್ಕಪ್ಪನಿಗೂ ಒಂದು ಮೆಸೇಜ್. "156 ಡಿಗ್ರಿ. ಎದ್ದಿದ್ದೀನಿ." ಸೆನ್ಸರ್‌ನಿಂದ ಹದಿನೈದು ನಿಮಿಷ ಸುದ್ದಿ ಇಲ್ಲದಿದ್ರೆ ಅದನ್ನೂ ಕೂಗಿ ಹೇಳುತ್ತೆ. ಸರ್ವರ್ರೇ ಸತ್ತರೆ? ನೆಟ್ ಹೋದ್ರೆ? ಹೊತ್ತಿಗೆ ಸರಿಯಾಗಿ ಮೆಸೇಜ್ ಬರಲ್ಲ. ಆಗ ಟಾರ್ಚ್ ತಗೊಂಡು ಎದ್ದು ಹೋಗೋದು.

ಅಪ್ಪ ಈಗಲೂ ಪೂರ್ತಿ ರಾತ್ರಿ ಮಲಗಲ್ಲ. ಸೌದೆ ಹಾಕೋಕೆ ಮನುಷ್ಯರೇ ಬೇಕು. ಎರಡು ಮೆಸೇಜಿನ ಮಧ್ಯ ಒಂದೂವರೆ ಗಂಟೆ ಕಣ್ಣು ಮುಚ್ತಾರೆ. ಅಷ್ಟನ್ನ ಕೊಡೋಕೆ ನನಗೆ ಒಂದು ಬ್ಯಾರನ್ ಸೊಪ್ಪು ಖರ್ಚಾಯ್ತು.

ಎಚ್.ಡಿ. ಕೋಟೆಯ ನಮ್ಮ ಕ್ಲಾಸಿನವನೊಬ್ಬ ಅವರ ಬ್ಯಾರನ್‌ಗೂ ಬೇಕು ಅಂದಿದ್ದಾನೆ. ಕೆ.ಆರ್. ನಗರದವಳು ಗದ್ದೆಯ ಮೋಟರ್‌ಗೆ ಮಾಡ್ತೀನಿ ಅಂತಿದ್ದಾಳೆ. ಇಬ್ಬರಿಗೂ ಕೋಡ್ ಕೊಡ್ತೀನಿ. ಒಂದೇ ಷರತ್ತು: ಮೊದಲು "ಎದ್ದಿದ್ದೀನಿ" ಅನ್ನೋ ಸಾಲು ಬರೀರಿ, ಮಿಕ್ಕಿದ್ದು ಆಮೇಲೆ.

ನಿಮ್ಮ ಸರ್ವರ್‌ನಲ್ಲೂ ಯಾವತ್ತೋ ಹಾಕಿದ ಕ್ರಾನ್ ಸಾಲು ಇರಬಹುದು. ಬ್ಯಾಕಪ್ಪೋ, ಇನ್ನೇನೋ. ಕೊನೇ ಸಲ ಅದು ಕೆಲಸ ಮಾಡಿದ್ದನ್ನ ಕಣ್ಣಾರೆ ನೋಡಿದ್ದು ಯಾವಾಗ? ಇವತ್ತು ರಾತ್ರಿ ಮಲಗೋ ಮುಂಚೆ ಲಾಗಿನ್ ಆಗಿ ನೋಡಿ. ಏನು ಸಿಕ್ತು ಅಂತ ಬರೀರಿ, ನಾನೂ ಕಾಯ್ತಿರ್ತೀನಿ.

#ಪಿರಿಯಾಪಟ್ಟಣ #ಹುಣಸೂರು #ಕೆಆರ್‌ನಗರ #ಎಚ್‌ಡಿಕೋಟೆ #ಹೊಗೆಸೊಪ್ಪು #ಕ್ರಾನ್ #ಪಿಎಚ್‌ಪಿ #ಕನ್ನಡದಲ್ಲಿಕೋಡಿಂಗ್