ನಾನೂರು ಜನರಿಗೊಬ್ಬ ಸದಸ್ಯ

ವಿಧಾನಸಭೆಯ ಚುನಾವಣೆ ಬಂದಿತೆಂದರೆ ನಮ್ಮ ಸೀಮೆಯ ಹೆಸರು ಪತ್ರಿಕೆಗಳಲ್ಲಿ ರಾರಾಜಿಸುತ್ತದೆ. 2019ರಲ್ಲಿ ಹಿರೇಕೆರೂರು, 2021ರಲ್ಲಿ ಹಾನಗಲ್ಲ, 2024ರಲ್ಲಿ ಸವಣೂರನ್ನೂ ಒಳಗೊಂಡ ಶಿಗ್ಗಾಂವಿ ಕ್ಷೇತ್ರ. ಹೀಗೆ ಮೂರು ಉಪಚುನಾವಣೆಗಳ ಅಬ್ಬರವನ್ನು ಕಂಡೆವು. ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಗ್ರಾಮ ಪಂಚಾಯತಿಯ ಪುಟ್ಟ ಚುನಾವಣೆ.

1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಇಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ಅಭ್ಯರ್ಥಿಯೆಂದರೆ ಹೊಲದ ಬದುವಿನಾಚೆಯ ನೆರೆಯವ, ಸಾಲ ಕೊಟ್ಟವ, ಇಲ್ಲವೇ ಸ್ವಂತ ದಾಯಾದಿ. ಎಣಿಕೆ ಮುಗಿದ ಸಂಜೆಯೇ ಕಟ್ಟೆಯ ಮೇಲೆ ಕುಳಿತವರು ಯಾವ ಓಣಿಯ ಮತ ಯಾರಿಗೆ ಬಿದ್ದಿತೆಂದು ಲೆಕ್ಕ ಹಾಕುತ್ತಾರೆ. ಮತಗಳು ಸಮವಾದರೆ ಚೀಟಿ ಎತ್ತಬೇಕು; ಒಂದೇ ಮತ ಒಂದು ಮನೆತನದ ಮಾತುಕತೆಯನ್ನು ವರ್ಷಗಟ್ಟಲೆ ನಿಲ್ಲಿಸಬಲ್ಲದು.

ಆದುದರಿಂದಲೇ "ಜಗಳವೇಕೆ, ಅವಿರೋಧವಾಗಿ ಆರಿಸೋಣ" ಎಂಬ ಹಿರಿಯರ ಮಾತು ಹಿತವಾಗಿ ಕೇಳಿಸುತ್ತದೆ. ಎಲ್ಲರೂ ಮನಸಾರೆ ಒಪ್ಪಿದ್ದಾದರೆ ಅದು ಊರಿನ ಭಾಗ್ಯವೇ ಸರಿ. ಆದರೆ 2020ರ ಡಿಸೆಂಬರಿನ ಚುನಾವಣೆಯ ಹೊತ್ತಿಗೆ ರಾಜ್ಯದ ಹಲವೆಡೆ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿಗಳು ಬಂದವು. ರಾಜ್ಯ ಚುನಾವಣಾ ಆಯೋಗವು ಎಚ್ಚರಿಕೆ ನೀಡಬೇಕಾಯಿತು. ಹರಾಜಿನ ಹಣ ಗುಡಿಯ ಜೀರ್ಣೋದ್ಧಾರಕ್ಕೆ ಎಂದು ಸಮಾಧಾನ ಹೇಳುವವರುಂಟು. ಗುಡಿಗೆ ಕಳಸ ಬಂದೀತು, ನಿಜ. ಆದರೆ ಸವಾಲು ಕೂಗಲು ಕೂಲಿಯವನ ಬಳಿ ಏನಿದೆ? ಐದು ವರ್ಷಕ್ಕೊಮ್ಮೆ ಗೌಡರ ಮತಕ್ಕೂ ಆತನ ಮತಕ್ಕೂ ಒಂದೇ ತೂಕ ಬರುವ ದಿನ ಅದೊಂದೇ. ಆ ದಿನವನ್ನೇ ಮಾರಿದಂತಾಗಲಿಲ್ಲವೇ?

ಮತಗಟ್ಟೆಯ ಕರ್ತವ್ಯದಲ್ಲಿ ನಾನು ಗಮನಿಸುತ್ತಿದ್ದುದು ಹೆಣ್ಣುಮಕ್ಕಳನ್ನು. ಅತ್ತೆಯ ಹಿಂದೆ ತಲೆತಗ್ಗಿಸಿ ಬಂದ ಸೊಸೆ ರಟ್ಟಿನ ಮರೆಗೆ ಹೋದಾಗ ಕೆಲವು ಕ್ಷಣ ಸಂಪೂರ್ಣ ಸ್ವತಂತ್ರಳು. 1983ರ ಕಾಯ್ದೆ ಮಹಿಳೆಯರಿಗೆ ಶೇ. 25 ಸ್ಥಾನಗಳನ್ನು ಮೀಸಲಿಟ್ಟಿತು. 2010ರ ತಿದ್ದುಪಡಿ ಅದನ್ನು ಶೇ. 50ಕ್ಕೆ ಏರಿಸಿತು. ಹೆಂಡತಿ ಸಹಿ ಹಾಕಿ ಗಂಡ ಕುರ್ಚಿಯಲ್ಲಿ ಕೂಡುವ ವಿಡಂಬನೆ ಇಲ್ಲವೆಂದಲ್ಲ. ಆದರೂ ನನ್ನ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಮೌನವಾಗಿ ಕುಳಿತಿರುತ್ತಿದ್ದ ಹುಡುಗಿಯೊಬ್ಬಳು ಸದಸ್ಯೆಯಾಗಿ, ಶಾಲೆಯ ನೀರಿನ ತೊಟ್ಟಿಗಾಗಿ ಎದ್ದುನಿಂತು ವಾದಿಸಿದ್ದನ್ನು ಕೇಳಿ ನನ್ನ ಎದೆ ತುಂಬಿ ಬಂದಿತು.

ಬೆಂಗಳೂರು, ಪುಣೆ ಸೇರಿರುವ ನನ್ನ ಪ್ರಿಯ ಶಿಷ್ಯರೇ, ಊರಿನಲ್ಲಿ ಗೆದ್ದವನೂ ಸೋತವನೂ ಮರುದಿನ ಒಂದೇ ನಲ್ಲಿಯ ಬಳಿ ಕೊಡ ಹಿಡಿದು ನಿಲ್ಲಬೇಕು. ಹಾಗೆ ನಿಂತು ಮುಖ ನೋಡಿ ನಗುವುದನ್ನು ಕಲಿತ ಊರಿಗೆ ಹರಾಜಿನ ಅಗತ್ಯ ಬೀಳದು.